ಡಿಗ್ರಿ ಆದ ಮೇಲೆ ಯಾವ ದಾರಿ: ಒಂದು ಹಳೇ ಹಾಜರಿ ಪುಸ್ತಕದ ಲೆಕ್ಕ

ನಮ್ಮದು ಮಂಡ್ಯ ಜಿಲ್ಲೆಯ ಒಂದು ಹೋಬಳಿ ಊರಿನ ಪುಟ್ಟ ಪದವಿ ಕಾಲೇಜು. ಬಿಎ, ಬಿಕಾಂ ಎರಡೇ ಕೋರ್ಸು. ಕೊನೆಯ ವರ್ಷದ ಬಿಕಾಂಗೆ ಮೂವತ್ತು ಮಕ್ಕಳಿದ್ದರೆ ಆ ವರ್ಷ ತರಗತಿ ತುಂಬಿದೆ ಅಂತಲೇ ಅರ್ಥ. ಹಾಗಾಗಿ ಯಾರ ಊರು ಯಾವುದು, ಯಾರ ಮನೆಯಲ್ಲಿ ಎಷ್ಟು ಗುಂಟೆ ಗದ್ದೆ ಅನ್ನುವುದೂ ನಮಗೆ ಗೊತ್ತಿರುತ್ತೆ. 2024ರಲ್ಲಿ ಹೊರಗೆ ಹೋದ ತಂಡದ ಹೆಸರುಗಳನ್ನು ನಾನು ಒಂದು ಹಳೇ ಹಾಜರಿ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮಾರ್ಕ್ಸ್ ಕಾರ್ಡಿಗೋ ಊರಹಬ್ಬಕ್ಕೋ ಬಂದವರು ಸ್ಟಾಫ್ ರೂಮಿಗೆ ಇಣುಕಿದರೆ, ಈಗ ಏನು ಮಾಡುತ್ತಿದ್ದಾರೆ ಅಂತ ಕೇಳಿ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಎಷ್ಟೋ ಹೆಸರಿನ ಮುಂದೆ ಮೂರು ಸಲ ಅಳಿಸಿ ಬರೆದಿದ್ದೇನೆ.

ಈ ವರ್ಷ ಮುಗಿಸುವವರು ದಿನಾ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಮುಂದೆ ಏನ್ ಮಾಡ್ಲಿ?" ಯಾವ ದಾರಿಯಲ್ಲಿ ಹೋದವರು ಗೆದ್ದರು ಅಂತ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಎಲ್ಲಾ ದಾರಿಯಲ್ಲೂ ಗೆದ್ದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ, ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಹಾಕುವವರೂ ಅವರೇ. ಸುಮ್ಮನಿರುವವರನ್ನೂ ಕೇಳಬೇಕು. ನಾನು ಪುಸ್ತಕ ಮುಂದಿಟ್ಟುಕೊಂಡು ಎರಡೇ ಮಾತು ನೋಡುತ್ತೇನೆ. ಎರಡು ವರ್ಷ ಕಳೆದ ಮೇಲೆ, ಅಂದುಕೊಂಡದ್ದು ಕೈಗೂಡದಿದ್ದರೂ ಆ ಹುಡುಗನ, ಆ ಹುಡುಗಿಯ ಕೈಯಲ್ಲಿ ಏನು ಉಳಿದಿತ್ತು? ಆ ಎರಡು ವರ್ಷದ ಖರ್ಚು ಯಾರ ಮೇಲೆ ಬಿತ್ತು? ಕೆಳಗಿನ ಹೋಲಿಕೆಯೆಲ್ಲ ಈ ಎರಡು ಪ್ರಶ್ನೆಯ ಮೇಲೆ ನಿಂತಿದೆ.

ರೂಮು ಮಾಡಿಕೊಂಡು ಕಾಂಪಿಟೇಟಿವ್‌ಗೆ ಓದುವುದು

ಇದು ನಮ್ಮ ಮಕ್ಕಳ ಮೊದಲ ಆಸೆ. ಮೈಸೂರಿನ ಪಡುವಾರಹಳ್ಳಿಯಲ್ಲೋ ಸರಸ್ವತಿಪುರದಲ್ಲೋ ಇಬ್ಬರು ಮೂವರು ಸೇರಿ ರೂಮು ಹಿಡಿಯುತ್ತಾರೆ, ಊರಿಂದ ಅಕ್ಕಿ, ಖಾರದಪುಡಿ, ಕಾಯಿ ಹೋಗುತ್ತೆ. ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಓಟ, ಆಮೇಲೆ ಲೈಬ್ರರಿ. ಶ್ರಮ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ತೊಂದರೆ ಇರುವುದು ಕ್ಯಾಲೆಂಡರಿನಲ್ಲಿ.

545 ಪಿಎಸ್ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗಳ ಕಥೆ ನೋಡಿ. 2021ರ ಅಕ್ಟೋಬರ್ 3ಕ್ಕೆ ಪರೀಕ್ಷೆ ಆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ನಿಯತ್ತಾಗಿ ಬರೆದವನೂ ಎರಡು ವರ್ಷದ ಮೇಲೆ ಕಾಯಬೇಕಾಯಿತು. 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆಯನ್ನು 2024ರ ಆಗಸ್ಟ್ 27ಕ್ಕೆ ಮಾಡಿ, ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟಿತ್ತು ಅನ್ನುವ ಗಲಾಟೆ ಎದ್ದು, ಡಿಸೆಂಬರ್ 29ಕ್ಕೆ ಮತ್ತೆ ಮಾಡಿದರು. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯುವ ನಮ್ಮ ಮಕ್ಕಳಿಗೆ ಆ ಪ್ರಶ್ನೆಪತ್ರಿಕೆ ಮಾಡಿದ ಅನ್ಯಾಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ. ಅದೇ ವರ್ಷದ ಕೊನೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆಗಳೂ ನಿಂತವು. ಓದುವುದು ನಮ್ಮ ಕೈಯಲ್ಲಿದೆ, ತಾರೀಖು ನಮ್ಮ ಕೈಯಲ್ಲಿಲ್ಲ. ರೂಮು ಹಿಡಿಯುವ ಮೊದಲು ಇದನ್ನು ಮನೆಯವರ ಜೊತೆ ಕೂತು ಬಾಯಿಬಿಟ್ಟು ಮಾತಾಡಬೇಕು.

ನನ್ನ ಪುಸ್ತಕದಲ್ಲಿ ಅಕ್ಕಪಕ್ಕದ ರೋಲ್ ನಂಬರಿನ ಇಬ್ಬರು ಹುಡುಗರಿದ್ದಾರೆ. ಒಂದೇ ಬೆಂಚು, ಒಂದೇ ಊರಿನ ಬಸ್ಸು. ಒಬ್ಬ ಮೈಸೂರಿಗೆ ಹೋಗಿ ಎರಡು ವರ್ಷ ಓದೇ ಓದಿದ. ತಿಂಗಳಿಗೆ ಆರು ಸಾವಿರ ಮನೆಯಿಂದ ಬರುತ್ತಿತ್ತು, ಕಬ್ಬಿನ ದುಡ್ಡು ತಡವಾದ ತಿಂಗಳು ಅವನ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಕಳಿಸಿದ್ದೂ ಉಂಟು. ಇನ್ನೊಬ್ಬ ಮಂಡ್ಯದ ಒಬ್ಬ ಆಡಿಟರ ಆಫೀಸಿಗೆ ಸೇರಿಕೊಂಡ. ಶುರುವಿನಲ್ಲಿ ಎಂಟು ಸಾವಿರ. ಬೆಳಗ್ಗೆ ಐದರಿಂದ ಎಂಟರವರೆಗೆ ಓದು, ಹತ್ತಕ್ಕೆ ಆಫೀಸು. ಇಬ್ಬರೂ ಒಂದೇ ಪರೀಕ್ಷೆಗಳನ್ನು ಬರೆದರು, ಇಬ್ಬರಿಗೂ ಕಟ್ ಆಫ್‌ಗೆ ಸ್ವಲ್ಪದರಲ್ಲೇ ತಪ್ಪಿತು. ಆದರೆ ಇವತ್ತು ಎರಡನೆಯವನಿಗೆ ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಗೊತ್ತು, ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಅನ್ನುವ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ರೂಢಿ ಇದೆ, ಎರಡು ರೈಸ್ ಮಿಲ್ಲಿನವರು ನಮ್ಮಲ್ಲಿಗೇ ಬಂದುಬಿಡು ಅಂತ ಕರೆಯುತ್ತಿದ್ದಾರೆ. ಮೊದಲನೆಯವನು ಕಳೆದ ಹಬ್ಬಕ್ಕೆ ಬಂದಾಗ ಊರಿನ ಅರಳಿಕಟ್ಟೆ ಕಡೆ ಹೋಗಲಿಲ್ಲ ಅಂದ. "ಎಲ್ರೂ ಕೇಳ್ತಾರೆ ಮೇಡಂ, ಇನ್ನೂ ಆಗ್ಲಿಲ್ವಾ ಅಂತ." ಅವನು ಇವನಿಗಿಂತ ಬುದ್ಧಿವಂತ. ಅದಕ್ಕೇ ನನಗೆ ಸಂಕಟ.

ಓದಬೇಡಿ ಅಂತ ನಾನು ಹೇಳುತ್ತಿಲ್ಲ. ಓದುವುದೇ ಆದರೆ, ಶುರು ಮಾಡುವ ದಿನವೇ ನಿಲ್ಲಿಸುವ ತಾರೀಖನ್ನೂ ಗೋಡೆ ಮೇಲೆ ಬರೆದಿಡಿ. ಮನೆಯಲ್ಲಿ ಇನ್ನೊಂದು ಗಟ್ಟಿ ಆದಾಯ ಇದ್ದರೆ ಪೂರ್ತಿ ಹೊತ್ತು ಓದಿ, ಒಂದೂವರೆ ಎರಡು ವರ್ಷದ ಗಡುವು ಇರಲಿ. ಇಲ್ಲದಿದ್ದರೆ ಕೆಲಸದ ಜೊತೆ ಓದಿ. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ತಿಂಗಳಿಗೆ ಕೊಡುವ ಯುವನಿಧಿಯ 3,000 ರೂಪಾಯಿ ಅರ್ಜಿ ಶುಲ್ಕಕ್ಕೂ ಬಸ್ಸಿಗೂ ಆದೀತು. ಪಾಸಾಗಿ 180 ದಿನ ಕೆಲಸ ಸಿಗದಿದ್ದವರಿಗೆ ಗರಿಷ್ಠ ಎರಡು ವರ್ಷ ಅದು ಬರುತ್ತೆ, ಎಂಕಾಂ, ಬಿಎಡ್ ಅಂತ ಮುಂದೆ ಸೇರಿಕೊಂಡವರಿಗೆ ಇಲ್ಲ. ರೂಮಿನ ಬಾಡಿಗೆಯನ್ನು ಅದರ ಮೇಲೆ ನಂಬಿ ಕೂರುವ ಹಾಗಿಲ್ಲ.

ಬ್ಯಾಂಕ್ ಪರೀಕ್ಷೆಗಳನ್ನು ನಮ್ಮ ಮಕ್ಕಳು ಯಾಕೋ ದೂರ ಇಡುತ್ತಾರೆ, ಇಂಗ್ಲಿಷ್ ಭಯ. ಆದರೆ ಹೋಲಿಸಿ ನೋಡಿದರೆ ಕಾಯುವವರಿಗೆ ಇಷ್ಟು ಅನುಕೂಲದ ಪರೀಕ್ಷೆ ಬೇರೆ ಇಲ್ಲ. ಬ್ಯಾಂಕುಗಳಿಗೆ ಪರೀಕ್ಷೆ ನಡೆಸುವ ಐಬಿಪಿಎಸ್‌ನವರು ವರ್ಷದ ಮೊದಲಿಗೇ ಕ್ಯಾಲೆಂಡರ್ ಹೊರಡಿಸುತ್ತಾರೆ, ಪರೀಕ್ಷೆ ವರ್ಷಾ ವರ್ಷಾ ನಡೆಯುತ್ತೆ. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೇ ಬರೆಯಬಹುದು. ಅದರ ಆಫೀಸ್ ಅಸಿಸ್ಟೆಂಟ್ ಹುದ್ದೆಯ ಮೊದಲ ಹಂತದಲ್ಲಿ ಇರುವುದು ರೀಸನಿಂಗ್ ಮತ್ತು ಲೆಕ್ಕ, 80 ಪ್ರಶ್ನೆ. ಸಂದರ್ಶನ ಇಲ್ಲ. ವಯಸ್ಸಿನ ಮಿತಿ ಸಾಮಾನ್ಯ ವರ್ಗಕ್ಕೆ 28, ಅದೊಂದನ್ನು ಮರೆಯಬೇಡಿ. ರಾಜ್ಯದ ಪರೀಕ್ಷೆಗೆ ಕಾಯುತ್ತಲೇ ಆ ವಯಸ್ಸು ದಾಟಿಸಿಕೊಂಡವರು ನಮ್ಮ ಹಳೆಯ ತಂಡಗಳಲ್ಲಿ ಬೇಕಾದಷ್ಟು ಜನ ಇದ್ದಾರೆ.

ಕೆಲಸ: ಬೆಂಗಳೂರೋ, ಮೈಸೂರೋ

ಇಪ್ಪತ್ತು ಸಾವಿರದ ಪ್ಯಾಕೇಜು ಅಂತ ಹೇಳಿಕೊಂಡು ಬಂದ ಮಕ್ಕಳಿಗೆ ನಾನು ಮೊದಲು ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿಸುತ್ತೇನೆ. ಬೇಸಿಕ್ 15,000, ಉಳಿದ ಭತ್ಯೆ 3,000, ಒಟ್ಟು 18,000 ಅಂತ ಇಟ್ಟುಕೊಳ್ಳಿ. ಬೇಸಿಕ್‌ನ ಶೇ 12 ಅಂದರೆ 1,800 ನಿಮ್ಮ ಪಿಎಫ್‌ಗೆ ಹೋಗುತ್ತೆ. ತಿಂಗಳ ಸಂಬಳ 21,000ದ ಒಳಗೆ ಇರುವುದರಿಂದ ಇಎಸ್ಐ ಅನ್ನುವ ಆರೋಗ್ಯ ವಿಮೆ ಇದೆ, ಅದಕ್ಕೆ ಶೇ 0.75, ಅಂದರೆ 135. ಕೈಗೆ ಬರುವುದು 16,065. ಕಂಪನಿ ತನ್ನ ಪಾಲಿನ ಪಿಎಫ್ 1,800, ಇಎಸ್ಐ 585 ಎರಡನ್ನೂ ಸೇರಿಸಿ 20,385 ಅಂತ ಕಾಗದದಲ್ಲಿ ತೋರಿಸುತ್ತೆ. ಇದು ಮೋಸವಲ್ಲ. ಪಿಎಫ್ ನಿಮ್ಮದೇ ದುಡ್ಡು, ಇಎಸ್ಐ ಇದ್ದರೆ ಅಪ್ಪ ಅವ್ವನ ಚಿಕಿತ್ಸೆಗೂ ಆದೀತು. ಆದರೆ ಪಿಜಿ ಬಾಡಿಗೆ ಕಟ್ಟುವುದು 16,065ರಲ್ಲಿ ಅನ್ನುವುದು ಮನಸ್ಸಿನಲ್ಲಿರಲಿ.

ಬೆಂಗಳೂರಿಗೆ ಹೋದ ಒಬ್ಬ ಹುಡುಗ ಲೆಕ್ಕ ಬರೆದಿಡುವವನು, ನನ್ನ ವಿದ್ಯಾರ್ಥಿ ಅನ್ನುವುದಕ್ಕೆ ಹೆಮ್ಮೆ. ಪಿಜಿಗೆ 7,500, ಮಧ್ಯಾಹ್ನದ ಊಟ ಮತ್ತು ಓಡಾಟಕ್ಕೆ 4,000, ಫೋನು, ಬಟ್ಟೆ, ಊರಿಗೆ ಬಂದುಹೋಗುವುದು ಎಲ್ಲ ಸೇರಿ ಕೊನೆಗೆ ಉಳಿಯುವುದು ಎರಡೂವರೆ ಸಾವಿರ. ಅದೇ ಹೊತ್ತಿಗೆ ಮೈಸೂರಿನ ಹೂಟಗಳ್ಳಿ ಕಡೆ 14,000ಕ್ಕೆ ಸೇರಿದ ಹುಡುಗಿ ಮಂಡ್ಯದಿಂದ ದಿನಾ ಓಡಾಡಿಕೊಂಡು ಮನೆಗೆ ಎಂಟು ಸಾವಿರ ಕೊಡುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಮಂಡ್ಯ ಮೈಸೂರಿನ ನಡುವಿನ 45 ಕಿಲೋಮೀಟರನ್ನು ಅದು ಎಷ್ಟು ಹತ್ತಿರ ಮಾಡಿದೆ ಅನ್ನುವುದು ನಮ್ಮ ಹುಡುಗಿಯರನ್ನು ಕೇಳಿದರೆ ಗೊತ್ತಾಗುತ್ತೆ. ಮೊದಲು "ಬಸ್ ಚಾರ್ಜಿಗೇ ಸಂಬಳ ಹೋಗ್ತದೆ, ಸುಮ್ನೆ ಮನೇಲಿರು" ಅನ್ನುತ್ತಿದ್ದ ಮನೆಗಳಲ್ಲಿ ಈಗ ಆ ಮಾತು ನಿಂತಿದೆ.

ಹಾಗಂತ ಬೆಂಗಳೂರು ಬೇಡವೇ? ಎರಡನೇ ವರ್ಷಕ್ಕೆ ಚಿತ್ರ ಬದಲಾಗುವುದೂ ಉಂಟು. ಅಲ್ಲಿ ಕೆಲಸ ಬದಲಿಸಿದರೆ ಸಂಬಳ ಒಂದೇ ಸಲಕ್ಕೆ ಐದಾರು ಸಾವಿರ ಏರುತ್ತೆ, ಇಲ್ಲಿ ಹಾಗೆ ಬದಲಿಸಲು ಅಷ್ಟೊಂದು ಆಫೀಸುಗಳಿಲ್ಲ. ಅಕೌಂಟ್ಸ್, ಪೇರೋಲ್, ಬಿಲ್ಲಿಂಗ್ ತರಹದ ಕಲಿಯುವ ಕೆಲಸ ಆಗಿದ್ದರೆ ಬೆಂಗಳೂರಿನ ಆ ಬಿಗಿ ವರ್ಷವನ್ನು ತಡೆದುಕೊಳ್ಳಬಹುದು. ಫೋನ್ ಹಿಡಿದು ಟಾರ್ಗೆಟ್ ಮುಟ್ಟಿಸುವ ಕೆಲಸವಾದರೆ ಎರಡು ವರ್ಷದ ಮೇಲೂ ಅದೇ ಫೋನು, ಅದೇ ಟಾರ್ಗೆಟ್ಟು. ಅಂಥದ್ದಕ್ಕೆ ಊರು ಬಿಡುವುದು ನನಗೆ ಒಪ್ಪಿಗೆಯಿಲ್ಲ. ಮಂಡ್ಯದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರೂ ಇದ್ದಾರೆ. ಪಾಸು ಅಗ್ಗ, ಆದರೆ ಸುಮಾರು ನೂರು ಕಿಲೋಮೀಟರು, ಅದರ ಮೇಲೆ ಮೆಟ್ರೋ, ಸಿಟಿ ಬಸ್ಸು. ಆರು ತಿಂಗಳಿಗೆ ಮೈ ಸೋಲುತ್ತೆ. ಬೈಕಿನಲ್ಲಿ ಹೋಗುತ್ತೇನೆ ಅನ್ನುವವರಿಗೆ ಒಂದು ಮಾತು: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ, ಅಲ್ಲಿ ಹೊತ್ತೂ ಹೆಚ್ಚು, ಅಪಾಯವೂ ಹೆಚ್ಚು.

ನಂಜನಗೂಡು, ಕಡಕೊಳದ ಕಾರ್ಖಾನೆಗಳಿಗೆ ಕಾಂಟ್ರಾಕ್ಟ್ ಮೇಲೆ ಹೋಗುವವರು ಪಿಎಫ್‌ನ ಯುಎಎನ್ ಸಂಖ್ಯೆಯನ್ನು ಮೊದಲ ತಿಂಗಳೇ ಕೇಳಿ ಪಡೆಯಿರಿ. ಕಾಂಟ್ರಾಕ್ಟರ್ ಬದಲಾದರೂ ಅದೇ ಸಂಖ್ಯೆ ಮುಂದುವರಿಯಬೇಕು. ಪಿಎಫ್ ಕಟ್ಟಿದ್ದೇ ಇಲ್ಲ ಅಂತ ಒಂದೂವರೆ ವರ್ಷದ ಮೇಲೆ ಗೊತ್ತಾದ ಹುಡುಗನೊಬ್ಬ ನನ್ನ ಪುಸ್ತಕದಲ್ಲಿದ್ದಾನೆ. ಇನ್ನೊಬ್ಬಳು ಕೆಲಸಕ್ಕೆ ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು, ಬಿಡುವಾಗ ವಾಪಸ್ ಪಡೆಯಲು ಮೂರು ತಿಂಗಳು ಅಲೆದಳು. ಜೆರಾಕ್ಸ್ ಕೊಡಿ, ಒರಿಜಿನಲ್ ತೋರಿಸಿ ವಾಪಸ್ ತನ್ನಿ. ಸೇರಿಸಿಕೊಳ್ಳಲು ಡೆಪಾಸಿಟ್ ಕೇಳಿದವರ ಮೆಟ್ಟಿಲು ಮತ್ತೆ ಹತ್ತಬೇಡಿ.

ಎಂಕಾಂ, ಎಂಎ, ಬಿಎಡ್

ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಓದುವುದು ಒಂದು ಭಾಗ್ಯ, ನಾನೂ ಅಲ್ಲೇ ಓದಿದವಳು. 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ, ಆ ಮರಗಳು, ಆ ಲೈಬ್ರರಿ. ಹಳ್ಳಿಯಿಂದ ಹೋದವರಿಗೆ ಅಲ್ಲಿ ಲೋಕ ದೊಡ್ಡದಾಗುತ್ತೆ, ಅದನ್ನು ರೂಪಾಯಿಯಲ್ಲಿ ಅಳೆಯಲಾಗದು. ಆದರೆ "ಏನೂ ತೋಚಲಿಲ್ಲ, ಅದಕ್ಕೆ ಎಂಕಾಂ" ಅಂತ ಹೋದವರು ಎರಡು ವರ್ಷದ ಮೇಲೆ ಅದೇ ಪ್ರಶ್ನೆ ಹಿಡಿದು ವಾಪಸ್ ಬಂದಿದ್ದಾರೆ. ಪದವಿ ಕಾಲೇಜಿನ ಉಪನ್ಯಾಸಕರಾಗುವ ಆಸೆ ಇದ್ದರೆ ಸ್ನಾತಕೋತ್ತರದಲ್ಲಿ ಶೇ 55 (ಮೀಸಲಾತಿ ವರ್ಗಗಳಿಗೆ ರಿಯಾಯಿತಿ ಇದೆ), ಅದರ ಮೇಲೆ ನೆಟ್ ಅಥವಾ ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಆಗಿರಬೇಕು. ಅದು ಆದ ಮೇಲೂ ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ದುಡಿಯುವ ಸಾಧ್ಯತೆಯೇ ಹೆಚ್ಚು. ಅತಿಥಿ ಉಪನ್ಯಾಸಕಿಯಾಗಿ ನಾನು ಕಳೆದ ವರ್ಷಗಳಲ್ಲಿ ರಜೆಯ ತಿಂಗಳು ಬಂತೆಂದರೆ ದಿನಸಿ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತಿತ್ತು. ತಿಳಿದು ಹೋಗಿ ಅನ್ನುವುದಕ್ಕಷ್ಟೇ ಇದನ್ನು ಬರೆದೆ.

ಕೆಲಸ ಮಾಡುತ್ತಲೇ ಎಂಕಾಂ ಬೇಕು ಅನ್ನುವವರಿಗೆ ಪಕ್ಕದಲ್ಲೇ ಮುಕ್ತಗಂಗೋತ್ರಿ ಇದೆ, 1996ರಲ್ಲಿ ಆರಂಭವಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ಆಡಿಟರ್ ಆಫೀಸಿನ ಆ ಹುಡುಗ ಈಗ ಅಲ್ಲಿಗೆ ಸೇರಿದ್ದಾನೆ. ಎರಡು ವರ್ಷದ ಮೇಲೆ ಅವನ ಕೈಯಲ್ಲಿ ಅನುಭವ, ಡಿಗ್ರಿ ಎರಡೂ ಇರುತ್ತೆ.

ಬಿಎಡ್ ಬೇರೆ ಲೆಕ್ಕ. ಎರಡು ವರ್ಷ ಹಿಡಿದರೂ ಅದಾದ ಮೇಲೆ ಖಾಸಗಿ ಶಾಲೆಯ ಕೆಲಸವಾದರೂ ಊರ ಹತ್ತಿರವೇ ಸಿಗುತ್ತೆ. 6ರಿಂದ 8ನೇ ತರಗತಿಯ ಸರ್ಕಾರಿ ಹುದ್ದೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಆಗಿರಬೇಕು: 150 ಅಂಕಕ್ಕೆ ಸಾಮಾನ್ಯ ವರ್ಗದವರಿಗೆ 90. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತೆ, ಮೊದಲಿನ ಹಾಗೆ ಏಳು ವರ್ಷಕ್ಕೆ ಮುಗಿಯುವುದಿಲ್ಲ. ಬಿಎಯವರಿಗೆ ಇದು ನೇರ ದಾರಿ. ಬಿಕಾಂನವರು ಮಾತ್ರ ಯೋಚಿಸಿ ಸೇರಿ, ಹೈಸ್ಕೂಲಿನಲ್ಲಿ ವಾಣಿಜ್ಯ ಅನ್ನುವ ವಿಷಯ ಇಲ್ಲ. ಪಿಯು ಉಪನ್ಯಾಸಕರ ಹುದ್ದೆಗೆ ಎಂಕಾಂ ಜೊತೆ ಬಿಎಡ್ ಕೇಳುತ್ತಾರೆ, ಅಂದರೆ ನಾಲ್ಕು ವರ್ಷದ ಹಾದಿ. ಮೈಸೂರಿನಲ್ಲೇ 1963ರಿಂದ ಕೇಂದ್ರದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಪ್ರವೇಶ ಪರೀಕ್ಷೆ ಬರೆದು ಬಿಎಡ್‌ಗೆ ಸೇರಬಹುದು. ಕೇರಳ, ತಮಿಳುನಾಡಿನ ಮಕ್ಕಳು ಹುಡುಕಿಕೊಂಡು ಬರುತ್ತಾರೆ. ನಮ್ಮವರು ಅದರ ಗೇಟಿನ ಮುಂದೆಯೇ ಬಸ್ಸಿನಲ್ಲಿ ಹೋಗುತ್ತಾರೆ, ಅರ್ಜಿ ಹಾಕಿದವರು ನನ್ನ ಪುಸ್ತಕದಲ್ಲಿ ಒಬ್ಬರೂ ಇಲ್ಲ.

ಎಂಬಿಎ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಬಂದು ಕಡಿಮೆ ಶುಲ್ಕದ ಸೀಟು ಸಿಕ್ಕರೆ ಸರಿ. ಗದ್ದೆ ಅಡವಿಟ್ಟು ಮ್ಯಾನೇಜ್‌ಮೆಂಟ್ ಸೀಟು ಬೇಡ.

ಊರಿಗೇ ವಾಪಸ್

"ಮನೇಲಿದೀನಿ ಮೇಡಂ" ಅಂತ ತಲೆ ತಗ್ಗಿಸಿ ಹೇಳುವ ಹುಡುಗರ ಮುಂದೆ ನಾನು ಮೊದಲು "ಬೇಸಾಯ" ಅಂತ ಬರೆದು ಅವರಿಗೇ ತೋರಿಸುತ್ತೇನೆ. ಅದೂ ಕೆಲಸವೇ. ಆದರೆ ಎಲ್ಲಾ ಬೇಸಾಯವೂ ಒಂದೇ ಅಲ್ಲ. ಕಬ್ಬು ಹಾಕಿದರೆ ವರ್ಷಕ್ಕೊಮ್ಮೆ ದುಡ್ಡು, ಅದೂ ಕಾರ್ಖಾನೆಯವರು ಕಟಾವಿಗೆ ಯಾವಾಗ ಬರುತ್ತಾರೋ ಆಗ. ರೇಷ್ಮೆ ಮಾಡಿದ ಹುಡುಗನ ಲೆಕ್ಕ ಬೇರೆ. ಅವನದು ಒಂದು ಎಕರೆ ಹಿಪ್ಪುನೇರಳೆ, ವಿ-1 ತಳಿ. ಮೈಸೂರಿನ ಶ್ರೀರಾಂಪುರದಲ್ಲಿರುವ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯೇ ಬಿಡುಗಡೆ ಮಾಡಿದ ತಳಿ ಅದು. ಎರಡನೇ ಜ್ವರ ಎದ್ದ (ಎರಡು ಸಲ ಪೊರೆ ಬಿಟ್ಟ) ಚಾಕಿ ಹುಳ, ಅಂದರೆ ಎಳೆಯ ರೇಷ್ಮೆ ಹುಳ, ತಂದರೆ ಮೂರು ಮೂರೂವರೆ ವಾರಕ್ಕೆ ಗೂಡು ಬಿಡಿಸಿ ರಾಮನಗರದ ಗೂಡಿನ ಮಾರುಕಟ್ಟೆಗೆ ಹೊರಡಬಹುದು. ವರ್ಷಕ್ಕೆ ಐದು ಬೆಳೆ ತೆಗೆಯುತ್ತಾನೆ. ಒಂದು ಬೆಳೆ ಸುಣ್ಣಕಟ್ಟು ರೋಗಕ್ಕೆ ಹೋಯಿತು, ಅಂದರೂ ನಾಲ್ಕು ಕೈಗೆ ಬಂದವು. ಹುಳ ಹಣ್ಣಾಗುವ (ಗೂಡು ಕಟ್ಟಲು ಸಿದ್ಧವಾಗುವ) ದಿನ ಮನೆಮಂದಿಯೆಲ್ಲ ನಿದ್ದೆ ಬಿಡಬೇಕು, ಆ ವಾರ ಯಾವ ಮದುವೆ ತಿಥಿಗೂ ಹೋಗುವ ಹಾಗಿಲ್ಲ. ಖರ್ಚು ಕಳೆದು ಅವನಿಗೆ ಉಳಿಯುವುದು ಬೆಂಗಳೂರಿನ ಆ ಹುಡುಗನಿಗೆ ಉಳಿಯುವುದಕ್ಕಿಂತ ಬಹಳ ಹೆಚ್ಚು. ಬಿಕಾಂ ಓದಿದ್ದರಿಂದ ಪ್ರತಿ ಬೆಳೆಗೂ ಖರ್ಚು ಬರೆದಿದ್ದಾನೆ, ಅವನಪ್ಪ ಬರೆದವರಲ್ಲ.

ಈ ದಾರಿಯ ನೋವು ದುಡ್ಡಿನದಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹುಡುಗರು ಮದುವೆಗೆ ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನೋಡಿದವರಿಗೆ ಅದು ಸುದ್ದಿ. ಅವರಲ್ಲಿ ಎಷ್ಟೋ ಜನ ನಮ್ಮ ಮಕ್ಕಳ ಅಣ್ಣಂದಿರ ವಯಸ್ಸಿನವರು. ನೀರಿದ್ದು, ಒಂದೆರಡು ಎಕರೆ ನಿಮ್ಮದೇ ಆಗಿದ್ದು, ಮನೆಯವರ ಜೊತೆ ದುಡಿಯುವ ಮನಸ್ಸಿದ್ದರೆ ಈ ದಾರಿಯನ್ನು ಕೊನೆಗೆ ತಳ್ಳಬೇಡಿ. ಅರ್ಧ ಎಕರೆಯೂ ಇಲ್ಲದೆ ಸಾಲ ಮಾಡಿ ಹುಳ ಮನೆ ಕಟ್ಟುವುದಾದರೆ ಮೊದಲು ಕೆಲಸ ಹಿಡಿಯಿರಿ.

ಹುಡುಗಿಯರಿಗೆ ಬೇರೆಯಾಗಿ

ನನ್ನ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಸರು ಹುಡುಗಿಯರದು. ಅವರ ಮುಂದೆ "ಮದುವೆ ಆಯಿತು" ಅಂತ ಬರೆಯುವಾಗ ಖುಷಿಯೂ ಆಗುತ್ತೆ, ಅಲ್ಲಿಗೆ ಪೆನ್ಸಿಲ್ ನಿಲ್ಲದಿರಲಿ ಅಂತಲೂ ಅನ್ನಿಸುತ್ತೆ. ಎರಡು ವರ್ಷದಲ್ಲಿ ನಾನು ಕಂಡದ್ದು ಇದು. ಎಂಕಾಂ ಮೊದಲ ವರ್ಷದಲ್ಲಿದ್ದಾಗ ಮದುವೆಯಾದವರಲ್ಲಿ ಓದು ಮುಂದುವರಿಸಿದವರು ಕಡಿಮೆ, "ಮದ್ವೆ ಆದ್ಮೇಲೆ ಓದಿಸ್ತೀವಿ" ಅನ್ನುವ ಮಾತು ಸೀಮಂತದ ಹೊತ್ತಿಗೆ ಮರೆತುಹೋಗಿರುತ್ತೆ. ಹೆಣ್ಣು ನೋಡಲು ಬರುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದವರಲ್ಲಿ ಹೆಚ್ಚಿನವರು ಮದುವೆಯ ಮೇಲೂ ಹೋಗುತ್ತಿದ್ದಾರೆ. ಮಾತುಕತೆಯಲ್ಲೇ ಆ ವಿಷಯ ತೀರ್ಮಾನ ಆಗಿರುತ್ತೆ. ಮನೆಯಲ್ಲಿ ಒಂದು ವರ್ಷದೊಳಗೆ ಮದುವೆ ಅನ್ನುವ ಸೂಚನೆ ಇದ್ದರೆ, ಎರಡು ವರ್ಷದ ಕೋರ್ಸಿಗಿಂತ ಮೊದಲು ಕೆಲಸ ಹಿಡಿ ಅಂತ ನಾನು ಹೇಳುತ್ತೇನೆ. ಓದನ್ನು ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಆಮೇಲೆ ಸೇರಿಸಿಕೊಳ್ಳಬಹುದು. ಅವರಪ್ಪ ಅವ್ವನ ಹತ್ತಿರ ಮಾತಾಡಬೇಕು ಅನ್ನಿಸಿದರೆ ನನ್ನನ್ನು ಕರೆಯಿರಿ, ಬರುತ್ತೇನೆ. ಈಗಾಗಲೇ ನಾಲ್ಕು ಮನೆಗೆ ಹೋಗಿದ್ದೇನೆ, ಎರಡು ಮನೆಯಲ್ಲಿ ನನ್ನ ಮಾತು ಕೇಳಿದರು.

ಯಾವ ದಾರಿ ಹಿಡಿದರೂ ಈ ತಿಂಗಳೇ ಮಾಡಬೇಕಾದ ಕೆಲಸ ಒಂದಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಇನಿಷಿಯಲ್, ಆಧಾರಿನಲ್ಲೂ ಹಾಗೇ ಇದೆಯೇ ನೋಡಿ, ಇಲ್ಲದಿದ್ದರೆ ತಿದ್ದಿಸಿ. ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಹೊಸದು ಮಾಡಿಸಿ. ರಾಜ್ಯ ಸರ್ಕಾರದ ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ನಮ್ಮ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಎರಡಕ್ಕೂ ಸಲ್ಲುವವರು. ಆ ನಮೂನೆಗಳಿಗೆ ನೀವು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಬೇಕು. ಅಧಿಸೂಚನೆ ಬಂದ ಮೇಲೆ ಬಿಇಒ ಆಫೀಸಿನ ಮುಂದೆ ಇಡೀ ತಾಲ್ಲೂಕೇ ನಿಂತಿರುತ್ತೆ. ಮಕ್ಕಳಿಲ್ಲದೆ ಮುಚ್ಚುವ ಸ್ಥಿತಿಯಲ್ಲಿರುವ ಹಳ್ಳಿ ಶಾಲೆಯಲ್ಲಿ ಓದಿದವರು ಇನ್ನೂ ಬೇಗ ಹೋಗಿ, ದಾಖಲೆ ಪುಸ್ತಕ ಬೇರೆ ಶಾಲೆಗೆ ಸಾಗಿಸುವ ಮೊದಲೇ.